ಹಳೇ ಕೇಸ್ ಇದ್ದು ಸಿಟಿಜನ್‌ಶಿಪ್‌ಗೆ ಅರ್ಜಿ: ಫಾರ್ಮ್ ತುಂಬುವ ಆಫೀಸಿಗೆ 1 ಸ್ಟಾರ್, ವಕೀಲರಿಗೆ 4

ಅಮೆರಿಕದ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನಾವು ಹೋದ ಎರಡು ಕಡೆಯ ಬಗ್ಗೆ ಬರೆಯುತ್ತಿದ್ದೇನೆ. ಒಂದು, ಇಮಿಗ್ರೇಷನ್ ಫಾರ್ಮ್ ತುಂಬಿಕೊಡುವ ಆಫೀಸು. ಇನ್ನೊಂದು, ಗಂಟೆ ಲೆಕ್ಕದಲ್ಲಿ ಫೀಸು ತೆಗೆದುಕೊಳ್ಳುವ ಒಬ್ಬ ಮಹಿಳಾ ವಕೀಲರು. ಇಬ್ಬರ ಹೆಸರನ್ನೂ ಹಾಕುವುದಿಲ್ಲ, ಕೇಳಬೇಡಿ.

ಕೇಸು ನನ್ನ ತಮ್ಮನದು, ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. 2013ರಲ್ಲಿ ಎಚ್-1 ವೀಸಾದಲ್ಲಿದ್ದಾಗ ಬಿಲ್ ಮಾಡಿಸದ ಜಾಕೆಟ್ ಜೊತೆ ಅಂಗಡಿಯ ಬಾಗಿಲಲ್ಲಿ ಸಿಕ್ಕಿಬಿದ್ದ. ಕೋರ್ಟಿನಲ್ಲಿ ಪೆಟಿ ಥೆಫ್ಟ್ (ಸಣ್ಣ ಕಳ್ಳತನ) ಒಪ್ಪಿಕೊಂಡು ದಂಡ ಕಟ್ಟಿದ, ಪ್ರೊಬೇಷನ್ (ಕೋರ್ಟಿನ ನಿಗಾದ ಅವಧಿ) ಮುಗಿಸಿದ, ಆಮೇಲೆ ಎಕ್ಸ್‌ಪಂಜ್ ಕೂಡ ಮಾಡಿಸಿಕೊಂಡ, ಅಂದರೆ ಕೋರ್ಟಿನಿಂದಲೇ ಆ ತೀರ್ಪನ್ನು ಅಳಿಸಿಹಾಕಿಸಿದ. 2020ರಲ್ಲಿ ಗ್ರೀನ್ ಕಾರ್ಡ್ ಬಂತು. ಐದು ವರ್ಷ ಆಯಿತಲ್ಲ, ಎನ್-400 (ಸಿಟಿಜನ್‌ಶಿಪ್ ಅರ್ಜಿಯ ಫಾರ್ಮ್) ಹಾಕಿಬಿಡೋಣ ಅಂತ ಹೊರಟ.

ಫಾರ್ಮ್ ಆಫೀಸಿನವರು ತುಂಬಾ ಚೆನ್ನಾಗಿ ಮಾತಾಡಿಸಿದರು, ಟೀ ಕೊಟ್ಟರು, ಅರ್ಧ ಗಂಟೆಯಲ್ಲಿ ಎಲ್ಲಾ ಟೈಪ್ ಮಾಡಿದರು. 'ಎಂದಾದರೂ ಅರೆಸ್ಟ್ ಆಗಿದ್ದೀರಾ' ಅನ್ನುವ ಪ್ರಶ್ನೆ ಬಂದಾಗ ತಮ್ಮ ವಿಷಯ ಹೇಳಿದ. ಅವರು ತಲೆ ಕೂಡ ಎತ್ತದೆ, "ಎಕ್ಸ್‌ಪಂಜ್ ಆಗಿದೆಯಲ್ಲಾ ಸಾರ್, ನೋ ಅಂತ ಹಾಕೋಣ" ಅಂದರು. ಅದೇ ಫಾರ್ಮಿನಲ್ಲಿ, ದಾಖಲೆ ಸೀಲ್ ಆಗಿದ್ದರೂ, ಎಕ್ಸ್‌ಪಂಜ್ ಆಗಿದ್ದರೂ, ನಿಮ್ಮ ಮೇಲೆ ಯಾವ ದಾಖಲೆಯೂ ಇಲ್ಲ ಅಂತ ಜಡ್ಜೇ ಹೇಳಿದ್ದರೂ 'ಯೆಸ್' ಅನ್ನಲೇಬೇಕು ಅಂತ ಬರೆದಿದೆ! ನಾನು ತೋರಿಸಿದೆ. "ಎಲ್ಲರಿಗೂ ಹೀಗೇ ಮಾಡ್ತೀವಿ ಮೇಡಂ" ಅಂದರು. ತಮ್ಮನೂ "ಬಿಡಕ್ಕಾ, ಅವರಿಗೆ ಗೊತ್ತಿರುತ್ತೆ" ಅಂದ. ಫೈಲ್ ಎತ್ತಿಕೊಂಡು ಅವನನ್ನೂ ಎಬ್ಬಿಸಿಕೊಂಡು ಬಂದೆ.

ಕ್ಯಾಲಿಫೋರ್ನಿಯಾದಲ್ಲಿ ಇಂಥ ಕನ್ಸಲ್ಟೆಂಟ್‌ಗಳಿಗೆ ನೀವು ಹೇಳಿದ ಉತ್ತರ ತುಂಬಿಕೊಡಲು ಮಾತ್ರ ಅವಕಾಶ. ಯಾವ ಉತ್ತರ ಹಾಕಬೇಕು ಅಂತ ಸಲಹೆ ಕೊಡುವಂತಿಲ್ಲ. ಇದು ಆಮೇಲೆ ಗೊತ್ತಾಯಿತು. ವಕೀಲರಾದರೆ ಲೈಸೆನ್ಸ್ ಇದೆಯಾ ಅಂತ ಸ್ಟೇಟ್ ಬಾರ್ (ರಾಜ್ಯದ ವಕೀಲರ ಪರಿಷತ್ತು) ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಬಹುದು, ಎರಡು ನಿಮಿಷದ ಕೆಲಸ.

ಇನ್ನು ವಕೀಲರ ವಿಷಯ. ಅವರು ಎನ್-400 ಮುಟ್ಟಲೇ ಇಲ್ಲ. ಮೊದಲು ಮೂರು ಕಾಗದ ತನ್ನಿ, ಆಮೇಲೆ ಮಾತು ಅಂದರು. ಕೋರ್ಟಿನಿಂದ ಸರ್ಟಿಫೈಡ್ ಡಿಸ್ಪೊಸಿಷನ್ (ಕೇಸು ಹೇಗೆ ಮುಗಿಯಿತು ಅನ್ನುವ ದಾಖಲೆ), ಬೆರಳಚ್ಚು ಕಳಿಸಿ 18 ಡಾಲರಿಗೆ ತರಿಸುವ ಎಫ್‌ಬಿಐ ದಾಖಲೆ, ಮತ್ತೆ ಗ್ರೀನ್ ಕಾರ್ಡಿಗೆ ಹಾಕಿದ್ದ ಐ-485ರ ಕಾಪಿ. ಮೂರನೆಯದು ಯಾಕೆ ಅಂತ ನನಗೆ ಹೊಳೆದಿರಲಿಲ್ಲ. ಗ್ರೀನ್ ಕಾರ್ಡ್ ಸಮಯದಲ್ಲಿ ಈ ಕೇಸನ್ನು ಮುಚ್ಚಿಟ್ಟಿದ್ದರೆ ಗ್ರೀನ್ ಕಾರ್ಡೇ ಪ್ರಶ್ನೆಗೆ ಬರುತ್ತದೆ, ಸಿಟಿಜನ್‌ಶಿಪ್ ಮಾತು ದೂರ ಉಳಿಯಿತು. ಪುಣ್ಯಕ್ಕೆ ಅವನ ಕಂಪನಿಯ ವಕೀಲರು ಅಂದೇ ಎಲ್ಲಾ ಬರೆದು ಕೋರ್ಟ್ ಕಾಗದ ಲಗತ್ತಿಸಿದ್ದರು.

ಅರೆಸ್ಟ್ ಆದಾಗ ಹಾಕಿದ ಆರೋಪ ಯಾವುದು, ಕೊನೆಗೆ ಒಪ್ಪಿಕೊಂಡ ಸೆಕ್ಷನ್ ಯಾವುದು, ಅದಕ್ಕೆ ಕಾನೂನಿನಲ್ಲಿ ಗರಿಷ್ಠ ಶಿಕ್ಷೆ ಎಷ್ಟು, ಇವನಿಗೆ ಕೊಟ್ಟದ್ದು ಎಷ್ಟು, ಇದನ್ನೆಲ್ಲಾ ಸಾಲು ಸಾಲಾಗಿ ಓದಿದರು. ಇಮಿಗ್ರೇಷನ್‌ನವರು ಮುಖ್ಯವಾಗಿ ನೋಡುವುದೇ ಇದನ್ನಂತೆ. ಕಳ್ಳತನ ಸಾಮಾನ್ಯವಾಗಿ 'ನೀತಿಗೆಟ್ಟ ಅಪರಾಧ'ದ ಗುಂಪಿಗೆ ಬರುತ್ತದೆ. ಆದರೆ ಕ್ಯಾಲಿಫೋರ್ನಿಯಾದ ಪೆಟಿ ಥೆಫ್ಟ್‌ಗೆ ಗರಿಷ್ಠ ಆರು ತಿಂಗಳು ಜೈಲು. ಅಂಥದ್ದು ಒಂದೇ ಒಂದು ಇದ್ದರೆ ಸಣ್ಣ ಅಪರಾಧ ಅಂತ ವಿನಾಯಿತಿ ಇದೆ. ಎರಡಿದ್ದಿದ್ದರೆ ಕಥೆಯೇ ಬೇರೆ, ಗಡಿಪಾರಿನವರೆಗೆ ಹೋಗಬಹುದು. ಎಕ್ಸ್‌ಪಂಜ್ ಬಗ್ಗೆ ಅವರು ಹೇಳಿದ್ದು ಸರಳ: ರಾಜ್ಯ ಅಳಿಸಿದರೂ ಇಮಿಗ್ರೇಷನ್ ಲೆಕ್ಕದಲ್ಲಿ ಅದು ಹಾಗೇ ಇರುತ್ತದೆ. ಬೆರಳಚ್ಚು ಕೊಟ್ಟ ಮೇಲೆ ಹೇಗೂ ಈಚೆ ಬರುತ್ತದೆ. ಹನ್ನೆರಡು ವರ್ಷದ ಹಿಂದಿನ ಜಾಕೆಟ್‌ಗಿಂತ, ಇಂಟರ್‌ವ್ಯೂನಲ್ಲಿ ಪ್ರಮಾಣ ಮಾಡಿ ಹೇಳುವ ಸುಳ್ಳೇ ಜಾಸ್ತಿ ಅಪಾಯ, ಯಾಕೆಂದರೆ ಅರ್ಜಿಗೆ ಮುಂಚಿನ ಐದು ವರ್ಷದಿಂದ ಪ್ರಮಾಣವಚನದವರೆಗೆ ಒಳ್ಳೆ ನಡತೆ ತೋರಿಸಬೇಕು, ಆ ಸುಳ್ಳು ಅದರ ಒಳಗೇ ಬೀಳುತ್ತದೆ.

ನಾನು 4 ಸ್ಟಾರ್ ಕೊಟ್ಟದ್ದು ಇನ್ನೊಂದು ಮಾತಿಗೆ. "ಅರ್ಜಿ ಹಾಕಬಾರದು ಅಂತ ಹೇಳುವುದೂ ನನ್ನ ಕೆಲಸವೇ" ಅಂದರು. ಕೆಲವರಿಗೆ ಎನ್-400 ಹಾಕುವುದೆಂದರೆ ಗಡಿಪಾರು ಕೋರ್ಟಿಗೆ ತಾವೇ ವಿಳಾಸ ಕೊಟ್ಟ ಹಾಗೆ. 1990ರ ನವೆಂಬರ್ 29ರಿಂದ ಈಚೆಗೆ 'ಅಗ್ರವೇಟೆಡ್ ಫೆಲನಿ' (ಇಮಿಗ್ರೇಷನ್ ಕಾನೂನು ಗಂಭೀರ ಅಂತ ಪಟ್ಟಿ ಮಾಡಿದ ಅಪರಾಧ) ತೀರ್ಪು ಇದ್ದವರಿಗೆ ಸಿಟಿಜನ್‌ಶಿಪ್ ಯಾವತ್ತಿಗೂ ಇಲ್ಲ. ಒಂದು ವರ್ಷ ಅಥವಾ ಜಾಸ್ತಿ ಶಿಕ್ಷೆಯಾದ ಕಳ್ಳತನವೂ ಅದರಲ್ಲಿ ಬರುತ್ತದೆ, ಶಿಕ್ಷೆ ಅಮಾನತಿನಲ್ಲಿಟ್ಟು ಜೈಲಿಗೇ ಕಳಿಸದಿದ್ದರೂ. ಪ್ರೊಬೇಷನ್ ಇನ್ನೂ ನಡೆಯುತ್ತಿದ್ದರೆ ಮಂಜೂರಾಗುವುದಿಲ್ಲ, ಮುಗಿಯುವವರೆಗೆ ಕಾಯಬೇಕು. ಕುಡಿದು ಗಾಡಿ ಓಡಿಸಿದ ಒಂದು ಕೇಸಿಗೆ ಸಾಮಾನ್ಯವಾಗಿ ಬಾಗಿಲು ಮುಚ್ಚುವುದಿಲ್ಲ, ಆದರೆ ಐದು ವರ್ಷದಲ್ಲಿ ಎರಡು ತೀರ್ಪು ಬಂದರೆ ನಡತೆ ಸರಿಯಿಲ್ಲ ಅಂತಲೇ ಶುರು ಮಾಡುತ್ತಾರೆ. ಇದು 2019ರ ಒಂದು ತೀರ್ಮಾನದಿಂದ ಬಂದದ್ದು. ಗಾಂಜಾ ಕ್ಯಾಲಿಫೋರ್ನಿಯಾದಲ್ಲಿ ಅಂಗಡಿಯಲ್ಲೇ ಸಿಗುತ್ತದೆ, ಫೆಡರಲ್ ಕಾನೂನಿನಲ್ಲಿ ಮಾತ್ರ ಇನ್ನೂ ಅಪರಾಧ. ಸಿಟಿಜನ್ ಆಗದವರು ಅದರಿಂದ ದೂರ ಇರಿ, ಅಷ್ಟೇ. ಹಳೇ ತೀರ್ಪು ಇರುವ ಗ್ರೀನ್ ಕಾರ್ಡ್‌ನವರು ಮದುವೆ ಮುಂಜಿ ಅಂತ ಊರಿಗೆ ಟಿಕೆಟ್ ಬುಕ್ ಮಾಡುವ ಮುಂಚೆಯೂ ವಕೀಲರನ್ನು ಕೇಳಬೇಕಂತೆ, ವಾಪಸ್ ಬರುವಾಗ ಏರ್‌ಪೋರ್ಟಿನಲ್ಲೇ ತಡೆಯಬಹುದು. ಫಾರ್ಮ್ ಆಫೀಸಿನವರು ಇದರಲ್ಲಿ ಒಂದನ್ನೂ ಕೇಳಿರಲಿಲ್ಲ.

2025ರ ಆಗಸ್ಟ್‌ನಲ್ಲಿ ಇಮಿಗ್ರೇಷನ್ ಇಲಾಖೆಯಿಂದ ಹೊಸ ಸೂಚನೆ ಬಂದಿದೆ, ತಪ್ಪು ಇಲ್ಲ ಅಂದರೆ ಸಾಲದು, ಮನುಷ್ಯ ಏನು ಒಳ್ಳೆಯದು ಮಾಡಿದ್ದಾನೆ ಅಂತಲೂ ಅಧಿಕಾರಿ ನೋಡಬೇಕು. ಅದಕ್ಕೆ ತೆರಿಗೆ ದಾಖಲೆ, ಕೆಲಸದ ಪತ್ರ ಎಲ್ಲಾ ಸೇರಿಸಿದರು. ತಮ್ಮ ವಾರಾಂತ್ಯದಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಾನೆ, ಆ ಶಾಲೆಯವರಿಂದಲೂ ಒಂದು ಪತ್ರ ತರಿಸಿದರು. ಅ ಆ ಇ ಈ ಹೇಳಿಕೊಟ್ಟದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು!

ಇಂಟರ್‌ವ್ಯೂ ಸುಸೂತ್ರವಾಗಿ ಆಯಿತು. ಅವನದು ಹೊಸ ಪರೀಕ್ಷೆ, 128 ಪ್ರಶ್ನೆ ಓದಿಕೊಂಡು ಹೋಗಬೇಕು, 20ರವರೆಗೆ ಕೇಳುತ್ತಾರೆ, 12 ಸರಿ ಹೇಳಿದರೆ ಪಾಸ್. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ ಸಾಮಾನ್ಯವಾಗಿ ಇದೇ. ಕೇಸಿನ ಬಗ್ಗೆ ಅಧಿಕಾರಿ ನೇರವಾಗಿ ಕೇಳಿದರು, ಇವನು ನೇರವಾಗಿ ಹೇಳಿದ, ಕೋರ್ಟ್ ಕಾಗದ ತೆಗೆದುಕೊಂಡರು. ಈಗ ಪ್ರಮಾಣವಚನದ ದಿನಾಂಕಕ್ಕೆ ಕಾಯುತ್ತಿದ್ದಾನೆ.

ಒಂದು ಸ್ಟಾರ್ ಯಾಕೆ ಕಟ್? ವಕೀಲರು ಈಮೇಲ್ ಓದುವುದಕ್ಕೂ ಆರಾರು ನಿಮಿಷದ ಲೆಕ್ಕದಲ್ಲಿ ಬಿಲ್ ಹಾಕುತ್ತಾರೆ. ತಮ್ಮ ಗಾಬರಿಯಲ್ಲಿ ರಾತ್ರಿಯೆಲ್ಲಾ ಸಣ್ಣಪುಟ್ಟ ಪ್ರಶ್ನೆ ಕಳಿಸಿದ, ಬಿಲ್ ನೋಡಿ ಎದೆ ಒಡೆಯಿತು. ಎಲ್ಲಾ ಪ್ರಶ್ನೆ ಒಟ್ಟು ಮಾಡಿ ಒಂದೇ ಈಮೇಲ್‌ನಲ್ಲಿ ಕಳಿಸಿ. ಉತ್ತರವೂ ಬೇಗ ಬರುವುದಿಲ್ಲ. ಆಫೀಸಿನ ಹುಡುಗ ಫೋನ್ ಎತ್ತುವ ರೀತಿ ನನಗೆ ಸರಿಹೋಗಲಿಲ್ಲ.

ಬರೀ ಸ್ಪೀಡಿಂಗ್ ಟಿಕೆಟ್ ಇದ್ದವರು ಇವರ ಹತ್ತಿರ ಹೋಗಿ ಸುಮ್ನೆ ದುಡ್ಡು ಹಾಳು ಮಾಡಬೇಡಿ. ಸೂಚನೆ ಓದಿಕೊಂಡು ನೀವೇ ಆನ್‌ಲೈನ್‌ನಲ್ಲಿ 710 ಡಾಲರ್ ಕಟ್ಟಿ ಹಾಕಿ, ಕಾಗದದಲ್ಲಿ ಹಾಕಿದರೆ 760. ಕೈಗೆ ಬೇಡಿ ಬಿದ್ದಿದ್ದರೆ, ಕೋರ್ಟ್ ಮೆಟ್ಟಿಲು ಹತ್ತಿದ್ದರೆ, ಎಷ್ಟೇ ಹಳೆಯದಾಗಿರಲಿ, ಮೊದಲು ಡಿಸ್ಪೊಸಿಷನ್ ತರಿಸಿ ಒಂದು ಗಂಟೆಯ ಫೀಸು ಕೊಟ್ಟು ಓದಿಸಿ.