ಗೇಟಿನ ಪಕ್ಕದ ಸೈಕಸ್ ಗಿಡ: ನಾಯಿ, ದನ ಇರುವವರು ದಯವಿಟ್ಟು ಓದಿ

ಚಿಕ್ಕಬಳ್ಳಾಪುರದ ಸುತ್ತ ಈಗ ಎಲ್ಲಿ ನೋಡಿದರೂ ಹೊಸ ಲೇಔಟು, ಫಾರ್ಮ್‌ಹೌಸು. ಗೇಟಿನ ಎರಡೂ ಕಡೆ ಒಂದೊಂದು ಸೈಕಸ್ ಇಡದಿದ್ದರೆ ಮನೆಗೆ ಕಳೆಯೇ ಇಲ್ಲ ಅನ್ನುವ ಹಾಗಾಗಿದೆ. ಕೆಲವು ನರ್ಸರಿಯವರು ಸಾಗೋ ಪಾಮ್ ಅಂತ ಮಾರುತ್ತಾರೆ. ಗಿಡ್ಡ ದಪ್ಪ ಬೊಡ್ಡೆ, ಸುತ್ತಲೂ ಹರಡಿದ ಕಡುಹಸಿರು ಗರಿ, ತುದಿ ಮುಟ್ಟಿದರೆ ಚುಚ್ಚುತ್ತದೆ. ಬೇರಿನಿಂದ ಗರಿಯವರೆಗೆ ಇಡೀ ಗಿಡ ವಿಷ, ಬೀಜದಲ್ಲಂತೂ ಎಲ್ಲಕ್ಕಿಂತ ಜಾಸ್ತಿ. ನಮ್ಮನೆ ನಾಯಿ ಕರಿಯ ಸತ್ತಿದ್ದು ಇದನ್ನು ತಿಂದು.

ಮಾಲಿ ಬಂದು ಸೈಕಸ್ ಬುಡದಲ್ಲಿದ್ದ ಮರಿಗಿಡಗಳನ್ನು ಬಿಡಿಸಿ, ಗಾಯ ಒಣಗಲಿ ಅಂತ ಗೋಡೆ ಪಕ್ಕ ನೆರಳಲ್ಲಿ ಸಾಲಾಗಿಟ್ಟಿದ್ದ. ಈರುಳ್ಳಿ ಗಾತ್ರದ ಕಂದು ಗೆಡ್ಡೆಗಳು. ಕರಿಯ ಅದರಲ್ಲೊಂದನ್ನು ಎತ್ತಿಕೊಂಡು ಹೋಗಿ, ತೆಂಗಿನ ಚಿಪ್ಪು ಸಿಕ್ಕಿದ ಹಾಗೆ ಕಾಲಲ್ಲಿ ಒತ್ತಿ ಹಿಡಿದು ಕಡಿಯುತ್ತಾ ಕೂತಿದ್ದ. ಕಿತ್ತುಕೊಳ್ಳುವಷ್ಟರಲ್ಲಿ ಅರ್ಧ ಖಾಲಿ. ಒಳಗಿನ ಬಿಳಿ ತಿರುಳಿನ ಮೇಲೆ ಹಲ್ಲಿನ ಗುರುತು ಹಾಗೇ ಇತ್ತು.

ಸಂಜೆಗೆ ವಾಂತಿ ಶುರುವಾಯಿತು. ನೊರೆ, ಅದರಲ್ಲಿ ನಾರು, ತಿರುಳಿನ ಚೂರು. ಬಾಯಿಂದ ಜೊಲ್ಲು ನಿಲ್ಲುತ್ತಲೇ ಇರಲಿಲ್ಲ. ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಕಚ್ಚಿದ್ದ ಗೆಡ್ಡೆಯ ಫೋಟೋ ತೋರಿಸಿದರೆ "ಪಾಮ್ ಅಲ್ವಾ, ಏನೂ ಆಗಲ್ಲ ಬಿಡಿ ಸಾರ್, ಏನೋ ಹಳಸಿದ್ದು ತಿಂದಿದೆ" ಅಂತ ವಾಂತಿ ನಿಲ್ಲೋ ಇಂಜೆಕ್ಷನ್ ಕೊಟ್ಟು ಕಳಿಸಿದರು. ವಾಂತಿ ನಿಂತೂ ಬಿಟ್ಟಿತು. ಮಾರನೆ ದಿನ ಮೊಸರನ್ನ ತಿಂದ, ಹಾಲಿನ ಗಾಡಿ ನೋಡಿ ಬೊಗಳಿದ. ಬದುಕಿತು ನಾಯಿ ಅಂದುಕೊಂಡೆವು.

ಈ ಮಧ್ಯದ ದಿನವೇ ಮೋಸ. ಗಿಡದಲ್ಲಿರುವ ಸೈಕಾಸಿನ್ ಅನ್ನುವ ವಸ್ತು ಹೊಟ್ಟೆಗೆ ಹೋದ ತಕ್ಷಣ ಅಷ್ಟು ಕೆಡಕು ಮಾಡುವುದಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳು ಅದಕ್ಕೆ ಅಂಟಿದ ಸಕ್ಕರೆಯನ್ನು ಕಳಚಿದಾಗ ಅಸಲಿ ವಿಷ ಹೊರಬೀಳುತ್ತದೆ, ಅದು ಹೋಗಿ ಯಕೃತ್ತಿಗೆ ಹೊಡೆಯುತ್ತದೆ. ವಾಂತಿ ಕೆಲವೇ ಗಂಟೆಗಳಲ್ಲಿ ಕಾಣಿಸಿಕೊಂಡರೂ ಯಕೃತ್ತು ಕೆಟ್ಟಿದ್ದು ಗೊತ್ತಾಗುವುದು ಎರಡು ಮೂರು ದಿನಕ್ಕೆ. ಕರಿಯ ಮತ್ತೆ ಮಲಗಿದಾಗ ತುಟಿ ಎತ್ತಿ ನೋಡಿದರೆ ವಸಡು ಅರಿಶಿನ ಬಣ್ಣ. ಕಣ್ಣಿನ ಬಿಳಿ ಭಾಗವೂ ಹಾಗೇ. ಬೆಂಗಳೂರಿಗೆ ಓಡಿದೆವು. ಅಲ್ಲಿನ ಡಾಕ್ಟರು ಫೋಟೋ ನೋಡುತ್ತಿದ್ದಂತೆ "ಸೈಕಸ್" ಅಂದರು. ರಕ್ತ ತೆಗೆದ ಜಾಗದಲ್ಲಿ ಹತ್ತಿ ಒತ್ತಿ ಹಿಡಿದಷ್ಟೂ ಒಸರುತ್ತಲೇ ಇತ್ತು. ಯಕೃತ್ತು ಕೈಕೊಟ್ಟರೆ ರಕ್ತ ಹೆಪ್ಪುಗಟ್ಟುವುದಿಲ್ಲವಂತೆ. ಕೊನೆಗೆ ಫಿಟ್ಸ್ ಬಂತು. ಡ್ರಿಪ್ ಹಾಕಿದ್ದರೂ ಉಳಿಯಲಿಲ್ಲ.

ಇದಕ್ಕೆ ಪ್ರತಿವಿಷ ಅಂತ ಇಲ್ಲ. ಸಿಗುವ ಅವಕಾಶವೆಲ್ಲ ಮೊದಲ ಕೆಲವು ಗಂಟೆಗಳದ್ದು: ಡಾಕ್ಟರ ಕೈಯಲ್ಲೇ ವಾಂತಿ ಮಾಡಿಸಬೇಕು, ಇದ್ದಿಲ ಔಷಧಿ ಕುಡಿಸಬೇಕು, ಡ್ರಿಪ್ ಹಾಕಿ ಯಕೃತ್ತಿನ ಪರೀಕ್ಷೆಯನ್ನು ಮರುದಿನ, ಅದರ ಮರುದಿನವೂ ಮಾಡಿಸಬೇಕು. ಮನೆಯಲ್ಲಿ ಉಪ್ಪುನೀರು ಕುಡಿಸುವ ಸಾಹಸ ಬೇಡ. ಗಿಡದ ತುಂಡೊಂದನ್ನು ಕವರಿನಲ್ಲಿ ಹಾಕಿಕೊಂಡು ಹೋಗಿ. ಏನೂ ಆಗಲ್ಲ ಅಂದರೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿ, ಮುಲಾಜು ನೋಡಬೇಡಿ. ಒಂದೆರಡು ಬೀಜ ತಿಂದು ಸತ್ತ ನಾಯಿಗಳಿವೆ. ಹೆಣ್ಣು ಗಿಡದ ನೆತ್ತಿಯಲ್ಲಿ ಕಿತ್ತಳೆ ಕೆಂಪಿನ ಬೀಜ ಕಂಡರೆ ಆವತ್ತೇ ತೆಗೆಸಿ. ಮಕ್ಕಳ ಕೈಗೂ ಸಿಗಬಾರದು.

"ಕೇರಳದಲ್ಲಿ ಇದೇ ಜಾತಿಯ ಬೀಜದ ಹಿಟ್ಟು ತಿಂತಾರಲ್ಲ" ಅಂತ ಪಕ್ಕದ ಮನೆಯವರು ವಾದಕ್ಕೆ ಬಂದರು. ತಿನ್ನುತ್ತಾರೆ, ನಿಜ. ಒಣಗಿಸಿ, ನೆನೆಸಿ, ನೀರು ಬದಲಿಸಿ ವಿಷ ತೆಗೆದ ಮೇಲೆ. 1770ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗಿನವರು ಆಸ್ಟ್ರೇಲಿಯಾದಲ್ಲಿ ಅಲ್ಲಿಯ ಮೂಲನಿವಾಸಿಗಳು ಬೆಂಕಿ ಹಾಕಿದ್ದ ಜಾಗದಲ್ಲಿ ಇಂಥ ಬೀಜದ ಸಿಪ್ಪೆ ಕಂಡು, ಅವರು ತಿನ್ನುತ್ತಾರಲ್ಲ ಅಂತ ತಾವೂ ತಿಂದು ವಾಂತಿಭೇದಿಯಲ್ಲಿ ನರಳಿದರು. ಹಡಗಿನ ಹಂದಿಗಳಲ್ಲಿ ಎರಡು ಸತ್ತೇ ಹೋದವು.

ಹಸು ಕಟ್ಟಿರುವವರಿಗೆ ಬೇರೆಯಾಗಿ ಹೇಳಬೇಕು. ಅದೇ ಆಸ್ಟ್ರೇಲಿಯಾದಲ್ಲಿ ಸೈಕಸ್ ಬಳಗದ ಗಿಡಗಳ ಎಲೆ ಮೇಯ್ದ ದನಗಳಿಗೆ ಹಿಂಗಾಲು ಸ್ವಾಧೀನ ತಪ್ಪುತ್ತದೆ. ತೂರಾಡುತ್ತವೆ, ಗೊರಸು ಎಳೆಯುತ್ತವೆ. ಒಮ್ಮೆ ಹೀಗಾದರೆ ಸರಿಹೋಗುವುದಿಲ್ಲ. ನಮ್ಮ ಕಡೆ ಮದುವೆ ಮಂಟಪದ ಅಲಂಕಾರಕ್ಕೂ ಈ ಗರಿ ಬಳಸುತ್ತಾರೆ. ಛತ್ರದ ಹಿಂದೆ ಬಿಸಾಕಿದ ರಾಶಿಗೆ ಬಾಳೆಕಂದಿನ ಆಸೆಗೆ ಹಸು ಬಾಯಿ ಹಾಕುತ್ತವೆ. ಗಿಡದಿಂದ ಕತ್ತರಿಸಿದ ಗರಿಯನ್ನು ತಿಪ್ಪೆಗೆ, ರಸ್ತೆ ಬದಿಗೆ ಎಸೆಯಬೇಡಿ, ಗುಂಡಿ ತೆಗೆದು ಮುಚ್ಚಿಸಿ. ದನ ತಿಂದಿದ್ದು ಗೊತ್ತಾದರೆ ಪಶು ಸಂಚಾರಿ ವಾಹನಕ್ಕೆ 1962ಕ್ಕೆ ಫೋನ್ ಮಾಡಿ.

ಗಿಡ ಕೊಂಡ ನರ್ಸರಿಗೂ ಹೋಗಿ ಕೇಳಿದೆ. "ಇಷ್ಟು ವರ್ಷದಲ್ಲಿ ಯಾರೂ ಕಂಪ್ಲೇಂಟ್ ಮಾಡಿಲ್ಲ" ಅಂದರು. ಒಂದು ಬೋರ್ಡ್ ಹಾಕಿ ಅಂದರೆ ನಕ್ಕರು. ಅಂಥದ್ದೇ ಗರಿಯ ಗಿಡ ಬೇಕೇ ಬೇಕು ಅನ್ನುವವರು ಅರೆಕಾ ಪಾಮ್ ತನ್ನಿ. ಅದು ನಾಯಿಗೆ ವಿಷವಲ್ಲ, ಬೆಲೆಯೂ ಕಮ್ಮಿ.