‘ಈ ಸೈಟ್ ಹ್ಯಾಕ್ ಆಗಿರಬಹುದು’: ನಾನು ಹಿಡಿದು ನೋಡಿದ ನಾಲ್ಕು ದಾರಿಗಳು

ಹೋದ ವರ್ಷ ಮಾರ್ಚ್. ಸಾಗರದ ಚಿಕ್ಕಮ್ಮನ ಮನೆಯಲ್ಲಿ ಅಪ್ಪೆಮಿಡಿ ಉಪ್ಪಿಗೆ ಹಾಕುವ ಗಡಿಬಿಡಿ. ಅವರ ವರ್ಷದ ಅರ್ಧ ವ್ಯಾಪಾರ ನಡೆಯೋದು ಅಲ್ಲಿಂದ ಮಳೆಗಾಲದವರೆಗೆ. ಆಗಲೇ ಬೆಂಗಳೂರಿನ ಗಿರಾಕಿಯೊಬ್ಬರು ಅವರಿಗೆ ಫೋನ್ ಮಾಡಿ, ‘ಗೂಗಲ್‌ನಲ್ಲಿ ನಿಮ್ಮ ಸೈಟಿನ ಹೆಸರಿನ ಕೆಳಗೆ ಹ್ಯಾಕ್ ಆಗಿರಬಹುದು ಅಂತ ಬರ್ತಿದೆ, ದುಡ್ಡು ಕಟ್ಟೋಕೆ ಭಯ ಆಗುತ್ತೆ’ ಅಂದಿದ್ದಾರೆ. ಚಿಕ್ಕಮ್ಮ ತಕ್ಷಣ ನನಗೆ ಫೋನ್ ಮಾಡಿದರು. ‘ಎಂತ ಮಾರಾಯ ಇದು? ನಾನು ತೆಗೆದು ನೋಡಿದೆ, ಎಲ್ಲ ಸರಿಯಾಗೇ ಇದ್ಯಲ?’

ಸೈಟ್ ಮಾಡಿಕೊಟ್ಟವನು ನಾನು, ನೋಡಿಕೊಳ್ಳುವವನೂ ನಾನು. ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಮಾಡಿದ, ಮೂವತ್ತು ಪುಟ ದಾಟದ ಪುಟ್ಟ ಸೈಟ್. ಆ ಒಂದು ಸಾಲು ಅಲ್ಲಿಂದ ಹೋಗಲು ಎರಡು ತಿಂಗಳು ಹಿಡಿಯಿತು. ಮೂರು ದಾರಿಗಳನ್ನು ಒಂದಾದ ಮೇಲೆ ಒಂದರಂತೆ ಈ ಸೈಟಿನ ಮೇಲೇ ಹಿಡಿದು ನೋಡಿದೆ. ನಾಲ್ಕನೆಯದನ್ನು ಅದೇ ಬೇಸಿಗೆಯಲ್ಲಿ ಚಿಕ್ಕಮಗಳೂರಿನ ಗೆಳೆಯನ ಹೋಂಸ್ಟೇ ಸೈಟಿಗೆ ಹಿಡಿಯಬೇಕಾಯಿತು. ಯಾವುದು ಯಾರಿಗೆ ಸರಿ ಅನ್ನೋದು ಈಗ ನನಗೆ ಸ್ಪಷ್ಟ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಎಲ್ಲ ಎಚ್ಚರಿಕೆಯೂ ಒಂದೇ ಅಲ್ಲ. ಹುಡುಕಾಟದ ಫಲಿತಾಂಶದಲ್ಲಿ ‘ಹ್ಯಾಕ್ ಆಗಿರಬಹುದು’ ಅನ್ನುವ ಸಾಲು ಬಂದರೆ, ಸಾಮಾನ್ಯವಾಗಿ ಯಾರೋ ನಿಮ್ಮ ಸೈಟಿನೊಳಗೆ ತಮ್ಮ ಕಸದ ಪುಟಗಳನ್ನು ಸೇರಿಸಿದ್ದಾರೆ ಅಂತ ಅರ್ಥ. ಬ್ರೌಸರ್ ತುಂಬ ಕೆಂಪು ಪರದೆ ಬಂದು ಒಳಗೇ ಬಿಡದಿದ್ದರೆ ಅದು ಅಪಾಯದ ಸೈಟುಗಳನ್ನು ತಡೆಯುವ ಗೂಗಲ್‌ನ ‘ಸೇಫ್ ಬ್ರೌಸಿಂಗ್’ ವ್ಯವಸ್ಥೆಯ ಎಚ್ಚರಿಕೆ. ಅಲ್ಲಿ ವೈರಸ್ ಹಂಚುವುದು, ಪಾಸ್‌ವರ್ಡ್ ಕದಿಯುವುದು ಇಂಥದ್ದೇನೋ ನಡೆಯುತ್ತಿರುತ್ತದೆ. ಕ್ರೋಮ್ ಅಷ್ಟೇ ಅಲ್ಲ, ಫೈರ್‌ಫಾಕ್ಸ್ ಮತ್ತು ಸಫಾರಿಯಲ್ಲೂ ಅದು ಕಾಣುತ್ತದೆ. ಚಿಕ್ಕಮ್ಮನ ಸೈಟಿಗೆ ಬಂದದ್ದು ಮೊದಲನೆಯದು, ಗೆಳೆಯನದಕ್ಕೆ ಎರಡನೆಯದು. ಎರಡಕ್ಕೂ ವಿವರ ಸಿಗುವ ಜಾಗ ಒಂದೇ: ಸೈಟಿನ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಅನ್ನುವ ಸಾಧನದಲ್ಲಿರುವ ‘ಸೆಕ್ಯುರಿಟಿ ಇಶ್ಯೂಸ್’ ಪುಟ. ಅದನ್ನು ನೋಡದೆ ಒಂದು ಫೈಲನ್ನೂ ಮುಟ್ಟಬೇಡಿ.

ನಾನೂ ಮೊದಲು ಸೈಟ್ ತೆಗೆದು ನೋಡಿದೆ. ಚಿಕ್ಕಮ್ಮ ಹೇಳಿದ ಹಾಗೇ ಎಲ್ಲ ಸರಿ ಇತ್ತು. ಆಮೇಲೆ ಗೂಗಲ್‌ನಲ್ಲಿ ‘ಸೈಟ್’ ಅಂತ ಇಂಗ್ಲಿಷಿನಲ್ಲಿ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಮ್ಮ ವಿಳಾಸ ಸೇರಿಸಿ ಹುಡುಕಿದೆ. ಮಾವಿನ ಮಿಡಿ, ಹಲಸಿನ ಹಪ್ಪಳದ ನಡುವೆ ಸಾಲು ಸಾಲಾಗಿ ಜಪಾನೀ ಅಕ್ಷರ! ಬ್ರಾಂಡೆಡ್ ಚೀಲ, ಶೂ, ವಾಚು ಮಾರುವ ಪುಟಗಳು, ಎಲ್ಲವೂ ಚಿಕ್ಕಮ್ಮನ ವಿಳಾಸದಲ್ಲೇ. ಇದಕ್ಕೆ ‘ಜಪಾನೀಸ್ ಕೀವರ್ಡ್ ಹ್ಯಾಕ್’ ಅಂತಲೇ ಹೆಸರಿದೆ. ಗೂಗಲ್‌ನ ಬಾಟ್ (ಹುಡುಕಾಟಕ್ಕಾಗಿ ಸೈಟುಗಳನ್ನು ತಾನೇ ಓದಿಕೊಂಡು ಹೋಗುವ ತಂತ್ರಾಂಶ) ಬಂದರೆ ಒಂದು ಪುಟ, ನಾವು ಹೋದರೆ ಇನ್ನೊಂದು ಪುಟ ತೋರಿಸುವುದೇ ಇದರ ಕಸುಬು. ಹಾಗಾಗಿ ಮನೆಯವರಿಗೆ ಏನೂ ಗೊತ್ತಾಗಲ್ಲ. ಸರ್ಚ್ ಕನ್ಸೋಲ್‌ನ ‘ಯುಆರ್‌ಎಲ್ ಇನ್‌ಸ್ಪೆಕ್ಷನ್’ನಲ್ಲಿ ಪುಟದ ವಿಳಾಸ ಹಾಕಿ ಲೈವ್ ಟೆಸ್ಟ್ ಕೊಟ್ಟರೆ ಗೂಗಲ್‌ನ ಕಣ್ಣಿಗೆ ಬೀಳುವುದು ನಮಗೂ ಕಾಣುತ್ತದೆ.

ಇನ್ನು ದಾರಿಗಳ ವಿಷಯ.

ಮೊದಲು ಹಿಡಿದದ್ದು ಎಲ್ಲಕ್ಕಿಂತ ಸುಲಭವಾದದ್ದು, ಬ್ಯಾಕಪ್. ಹೋಸ್ಟಿಂಗ್ ಕಂಪನಿ, ಅಂದರೆ ಸೈಟಿನ ಫೈಲುಗಳಿಗೆ ಜಾಗ ಕೊಟ್ಟವರು, ದಿನಾ ಒಂದು ಪ್ರತಿ ತೆಗೆದಿಡುತ್ತಿದ್ದರು, ಏಳು ದಿನದ್ದು ಮಾತ್ರ. ಏಳನೇ ದಿನದ ಪ್ರತಿ ವಾಪಸ್ ಹಾಕಿದೆ, ಹತ್ತು ನಿಮಿಷದ ಕೆಲಸ. ಲೈವ್ ಟೆಸ್ಟ್‌ನಲ್ಲಿ ಜಪಾನೀ ಪುಟ ಮಾಯ. ಮೂರನೇ ದಿನ ನೋಡಿದರೆ ಮತ್ತೆ ಬಂದಿವೆ. ಕಾರಣ ಸರಳ. ಎಚ್ಚರಿಕೆ ಕಂಡದ್ದು ಮಾರ್ಚ್‌ನಲ್ಲಿ, ಕಳ್ಳ ಒಳಗೆ ಬಂದದ್ದು ಅದಕ್ಕೂ ಬಹಳ ಮೊದಲು. ಏಳು ದಿನದ ಹಿಂದಿನ ಪ್ರತಿಯಲ್ಲೂ ಅವನ ಫೈಲ್ ಕೂತೇ ಇತ್ತು. ಬ್ಯಾಕಪ್ ಯಾವಾಗ ಕೈ ಹಿಡಿಯುತ್ತೆ ಅಂದರೆ, ಹ್ಯಾಕ್ ಆದ ದಿನ ಖಚಿತವಾಗಿ ಗೊತ್ತಿರಬೇಕು, ಅದಕ್ಕಿಂತ ಹಳೆಯ ಪ್ರತಿ ಇರಬೇಕು, ವಾಪಸ್ ಹಾಕಿದ ತಕ್ಷಣ ಅವನು ಬಂದ ದಾರಿ ಮುಚ್ಚಬೇಕು. ಮೂರರಲ್ಲಿ ನನ್ನ ಹತ್ತಿರ ಒಂದೂ ಇರಲಿಲ್ಲ.

ಎರಡನೆಯದು ಉಚಿತ ಸ್ಕ್ಯಾನರ್ ಪ್ಲಗಿನ್ (ಪ್ಲಗಿನ್ ಅಂದರೆ ವರ್ಡ್‌ಪ್ರೆಸ್‌ಗೆ ಜೋಡಿಸುವ ಹೆಚ್ಚುವರಿ ತಂತ್ರಾಂಶ). ಇದರ ಬಗ್ಗೆ ನನಗೆ ಈಗಲೂ ಗೌರವ ಇದೆ. ಇಂಥ ಪ್ಲಗಿನ್‌ಗಳು ವರ್ಡ್‌ಪ್ರೆಸ್‌ನ ಮೂಲ ಫೈಲುಗಳನ್ನು ಅಸಲಿ ಪ್ರತಿಯ ಜೊತೆ ಒಂದೊಂದಾಗಿ ತಾಳೆ ಹಾಕಿ, ಬದಲಾದದ್ದನ್ನು ಎತ್ತಿ ತೋರಿಸುತ್ತವೆ. ನನಗೆ 40ಕ್ಕೂ ಜಾಸ್ತಿ ಫೈಲ್ ತೋರಿಸಿತು. ಅದರಲ್ಲಿ ಒಂದನ್ನು ಮಾತ್ರ ಮರೆಯೋಕೆ ಆಗಲ್ಲ. ಅಪ್‌ಲೋಡ್ಸ್ ಫೋಲ್ಡರ್‌ನಲ್ಲಿ, ಹಪ್ಪಳದ ಫೋಟೋಗಳ ಸಾಲಿನಲ್ಲಿ, ಫೋಟೋದ್ದೇ ಹೆಸರಿಟ್ಟುಕೊಂಡ ಒಂದು ಪಿಎಚ್‌ಪಿ ಫೈಲ್, ಅಂದರೆ ಸರ್ವರ್‌ನಲ್ಲಿ ಓಡುವ ಪ್ರೋಗ್ರಾಂ. ತೆಗೆದರೆ ಒಂದೇ ಉದ್ದ ಸಾಲು: ‘ಇವಾಲ್’, ‘ಬೇಸ್64 ಡಿಕೋಡ್’ (ಅಡಗಿಸಿಟ್ಟ ಕೋಡನ್ನು ಬಿಡಿಸಿ ಓಡಿಸುವ ಆಜ್ಞೆಗಳು), ಮುಂದೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಚಿತ್ರ ಇಡುವ ಜಾಗದಲ್ಲಿ ಪಿಎಚ್‌ಪಿಗೆ ಏನು ಕೆಲಸ? ನೀವು ಬೇರೇನೂ ಮಾಡದಿದ್ದರೂ ಆ ಫೋಲ್ಡರ್ ಒಮ್ಮೆ ತೆಗೆದು ನೋಡಿ.

ಎಲ್ಲ ಅಳಿಸಿದೆ. ಸ್ಕ್ಯಾನರ್ ಹಸಿರು ಬಣ್ಣ ತೋರಿಸಿತು. ಅದನ್ನು ನಂಬಿ ಅವತ್ತು ರಾತ್ರಿಯೇ ಗೂಗಲ್‌ಗೆ ಮರುಪರಿಶೀಲನೆಗೆ ಕೋರಿಕೆ ಕಳಿಸಿದೆ. ‘ಸೈಟ್ ಸ್ವಚ್ಛ ಮಾಡಿದ್ದೇವೆ’ ಅಂತ ಒಂದೇ ಸಾಲು. ಹದಿನೈದು ದಿನ ಕಾದ ಮೇಲೆ ಉತ್ತರ ಬಂತು, ತೊಂದರೆ ಇನ್ನೂ ಇದೆ ಅಂತ. ವ್ಯಾಪಾರದ ಹೊತ್ತಿನಲ್ಲಿ ಹದಿನೈದು ದಿನ ಅಂದರೆ ಸುಮ್ನೆ ಮಾತಲ್ಲ.

ಸ್ಕ್ಯಾನರ್ ತಪ್ಪು ಮಾಡಿತು ಅಂತ ನಾನು ಹೇಳಲ್ಲ. ಅದಕ್ಕೊಂದು ಮಿತಿ ಇದೆ. ಅಸಲಿ ಪ್ರತಿ ಸಿಗುವ ಫೈಲನ್ನು ಅದು ಗಟ್ಟಿಯಾಗಿ ಹಿಡಿಯುತ್ತದೆ. ಬೇರೆ ಕಡೆ ಕೊಂಡ ಥೀಮಿಗೆ (ಸೈಟಿಗೆ ರೂಪ ಕೊಡುವ ಫೈಲುಗಳ ಗುಂಪು) ತಾಳೆ ಹಾಕಲು ಅಸಲಿಯೇ ಅದರ ಹತ್ತಿರ ಇರಲ್ಲ. ಇನ್ನೊಂದು, ಅದು ನೋಡುವುದು ಮುಖ್ಯವಾಗಿ ತಾನಿರುವ ಸೈಟನ್ನು. ಅದೇ ಹೋಸ್ಟಿಂಗ್ ಅಕೌಂಟಿನಲ್ಲಿ ಪಕ್ಕಕ್ಕೆ ಬಿದ್ದಿರುವುದನ್ನು ಹೆಚ್ಚಾಗಿ ನೋಡಲ್ಲ. ನಮ್ಮ ರೋಗ ಇದ್ದದ್ದು ಅಲ್ಲೇ.

ಚಿಕ್ಕಮ್ಮನಿಗೆ ಇದನ್ನೆಲ್ಲ ಹೇಳಿದಾಗ ಅವರು ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದರು. ‘ಒಂದು ಕೊಳೆತ ಮಿಡಿ ಉಳಿದ್ರೂ ಭರಣಿ ಪೂರ್ತಿ ಹಾಳು. ಮೇಲಿಂದ ಕೈ ಆಡಿಸಿದ್ರೆ ಆಗ್ತದಾ? ಪೂರಾ ಸುರಿದು ನೋಡು’ ಅಂದರು. ಮೂರನೇ ದಾರಿ ಅದೇ.

ಎಲ್ಲವನ್ನೂ ಕೈಯಿಂದ ಹೊಸದಾಗಿ ಕಟ್ಟಿದೆ. ಶನಿವಾರ, ಭಾನುವಾರ ಎರಡೂ ಅದಕ್ಕೇ ಹೋಯಿತು. ಮೊದಲು ಇದ್ದದ್ದನ್ನೆಲ್ಲ ನನ್ನ ಕಂಪ್ಯೂಟರಿಗೆ ಇಳಿಸಿಕೊಂಡೆ. ವರ್ಡ್‌ಪ್ರೆಸ್‌ನ ಮೂಲ ಫೋಲ್ಡರ್‌ಗಳನ್ನು ಪೂರ್ತಿ ಅಳಿಸಿ ಹೊಸ ಪ್ರತಿ ಹಾಕಿದೆ. ಪ್ಲಗಿನ್, ಥೀಮ್ ಎಲ್ಲವನ್ನೂ ಮೂಲ ಜಾಗದಿಂದಲೇ ಮತ್ತೆ ತಂದೆ. ಹಳೆಯದರಲ್ಲಿ ಉಳಿಸಿಕೊಂಡದ್ದು ಡೇಟಾಬೇಸ್ ಮತ್ತು ಫೋಟೋ ಮಾತ್ರ. ಫೋಟೋ ಫೋಲ್ಡರ್‌ನಲ್ಲಿ ಪಿಎಚ್‌ಪಿ ಓಡದ ಹಾಗೆ ತಡೆ ಹಾಕಿದೆ. ಬಳಕೆದಾರರ ಪಟ್ಟಿಯಲ್ಲಿ ಗುರುತಿಲ್ಲದ ಒಬ್ಬ ಅಡ್ಮಿನ್ ಇದ್ದ, ತೆಗೆದೆ. ಹೋಸ್ಟಿಂಗ್, ಎಫ್‌ಟಿಪಿ (ಫೈಲ್ ಏರಿಸಿ ಇಳಿಸುವ ವ್ಯವಸ್ಥೆ), ಡೇಟಾಬೇಸ್, ಲಾಗಿನ್, ಎಲ್ಲದರ ಪಾಸ್‌ವರ್ಡ್ ಬದಲಿಸಿದೆ. ವರ್ಡ್‌ಪ್ರೆಸ್‌ನ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲಿನಲ್ಲಿನ ಎಂಟು ಗುಪ್ತ ಕೀಗಳನ್ನೂ ಬದಲಿಸಿದೆ. ಇದನ್ನು ಬಹಳ ಜನ ಮರೆಯುತ್ತಾರೆ. ಆ ಕೀ ಬದಲಾದರೆ ಆಗಲೇ ಲಾಗಿನ್ ಆಗಿ ಕೂತವರೆಲ್ಲ ಹೊರಗೆ ಬೀಳುತ್ತಾರೆ, ಕಳ್ಳನೂ ಸೇರಿ.

ಈ ದಾರಿಯಲ್ಲಿ ಮಾತ್ರ ಅವನು ಎಲ್ಲಿಂದ ಬಂದ ಅನ್ನೋದು ಸಿಕ್ಕಿತು. ಹೋಸ್ಟಿಂಗ್ ನೋಡಿಕೊಳ್ಳುವ ಸಿ-ಪ್ಯಾನೆಲ್‌ನಿಂದ ಆಕ್ಸೆಸ್ ಲಾಗ್ (ಸೈಟಿಗೆ ಬಂದ ಪ್ರತಿ ಕರೆಯ ದಾಖಲೆ) ಇಳಿಸಿ, ‘ಪೋಸ್ಟ್’ ಅನ್ನುವ, ಅಂದರೆ ಹೊರಗಿನಿಂದ ಸೈಟಿಗೆ ಏನಾದರೂ ಕಳಿಸಿದ, ಸಾಲುಗಳನ್ನಷ್ಟೇ ಹೆಕ್ಕಿದೆ. ಮಧ್ಯರಾತ್ರಿ ಒಂದೇ ವಿಳಾಸಕ್ಕೆ ಮತ್ತೆ ಮತ್ತೆ ಕರೆ. ಆ ವಿಳಾಸ ‘ಓಲ್ಡ್’ ಅನ್ನುವ ಫೋಲ್ಡರ್ ಒಳಗಿನದು. ಸೈಟಿನ ರೂಪ ಬದಲಿಸಿದಾಗ ಹಳೆಯ ಪ್ರತಿ ಇರಲಿ ಅಂತ ನಾನೇ ಅಲ್ಲಿಟ್ಟಿದ್ದೆ. ಹೊಸ ಸೈಟಿಗೆ ತಪ್ಪದೆ ಅಪ್‌ಡೇಟ್ ಮಾಡುತ್ತಿದ್ದೆ. ಆ ಹಳೆಯದರಲ್ಲಿ ಫೋಟೋ ಸ್ಲೈಡರ್ ಪ್ಲಗಿನ್ ಒಂದು ಮೂರು ವರ್ಷದಿಂದ ಹಾಗೇ ಕೂತಿತ್ತು. ಮುಂಬಾಗಿಲಿಗೆ ಬೀಗ ಜಡಿದು ಕೊಟ್ಟಿಗೆಯ ಬಾಗಿಲು ತೆರೆದಿಟ್ಟ ಹಾಗೆ. ಅಲ್ಲಿವರೆಗೆ ನಾನು ತೊಳೆದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಆಗಿತ್ತು.

ಇನ್ನೊಂದು ಸಂಗತಿ. ಸರ್ಚ್ ಕನ್ಸೋಲ್‌ನ ಬಳಕೆದಾರರ ಪಟ್ಟಿಯಲ್ಲಿ ಗೊತ್ತಿಲ್ಲದ ಜಿಮೇಲ್ ವಿಳಾಸವೊಂದು ಮಾಲೀಕನಾಗಿ ಸೇರಿತ್ತು. ತೆಗೆದರೂ ಮತ್ತೆ ಬರುತ್ತಿತ್ತು. ಮಾಲೀಕತ್ವ ಖಚಿತಪಡಿಸಲು ಗೂಗಲ್ ಕೇಳುವ ಫೈಲನ್ನು, ಅದು ನಿಜಕ್ಕೂ ಇಲ್ಲದಿದ್ದರೂ, ಇದೆ ಅಂತ ತೋರಿಸುವ ಸಾಲುಗಳನ್ನು ಡಾಟ್ ಎಚ್‌ಟಿಆಕ್ಸೆಸ್ ಫೈಲಿನಲ್ಲಿ (ಯಾವ ವಿಳಾಸಕ್ಕೆ ಏನು ತೋರಿಸಬೇಕು ಅಂತ ಸರ್ವರ್‌ಗೆ ಹೇಳುವ ಫೈಲ್) ಬರೆದಿಟ್ಟಿದ್ದರು. ಆ ಸಾಲು ಕಿತ್ತ ಮೇಲೆಯೇ ಅವನು ಹೋದದ್ದು. ಹೊಸ ಮಾಲೀಕ ಸೇರಿದ್ದಾನೆ ಅಂತ ಗೂಗಲ್‌ನಿಂದ ಮೇಲ್ ಬಂದರೆ ದಯವಿಟ್ಟು ತೆಗೆದು ಓದಿ.

ನಾಲ್ಕನೇ ದಾರಿ, ದುಡ್ಡು ಕೊಟ್ಟು ಮಾಡಿಸುವುದು. ಗೆಳೆಯನ ಸೈಟಿಗೆ ಕೆಂಪು ಪರದೆ ಬಂದಿತ್ತು, ಬುಕಿಂಗ್ ಪೂರ್ತಿ ನಿಂತಿತ್ತು. ಕಾಯಲು ಅವನಿಗೆ ದಿನ ಇರಲಿಲ್ಲ. ಹ್ಯಾಕ್ ಆದ ಸೈಟ್ ಸ್ವಚ್ಛ ಮಾಡಿಕೊಡುವವರಿಗೆ 14,000 ರೂಪಾಯಿ ಕೊಟ್ಟ. ಎರಡು ದಿನದಲ್ಲಿ ಸೈಟ್ ಸ್ವಚ್ಛ ಆಯಿತು, ಅವರೇ ಕೋರಿಕೆ ಕಳಿಸಿದರು, ಮೂರನೇ ದಿನ ಪರದೆ ಹೋಯಿತು. ಕೆಲಸ ಅಚ್ಚುಕಟ್ಟು. ಆದರೆ ಕೊಟ್ಟ ವರದಿಯಲ್ಲಿ ಅಳಿಸಿದ ಫೈಲುಗಳ ಪಟ್ಟಿ ಇತ್ತೇ ಹೊರತು ಕಳ್ಳ ಹೇಗೆ ಬಂದ ಅಂತ ಇರಲಿಲ್ಲ. ನಾವೇ ಕೇಳಿದ ಮೇಲೆ ಲಾಗ್ ನೋಡಿ ಹೇಳಿದರು. ದುಡ್ಡು ಕೊಡುವ ಮೊದಲೇ ಎರಡು ಪ್ರಶ್ನೆ ಕೇಳಿ: ದಾರಿ ಹುಡುಕಿ ಕೊಡ್ತೀರಾ? ಇನ್ನೊಂದು ಸಲ ಬಂದರೆ ಉಚಿತವಾಗಿ ಮಾಡಿಕೊಡ್ತೀರಾ, ಎಷ್ಟು ದಿನದ ತನಕ?

ಎರಡು ಸೈಟಿನ ಕಾಯುವ ದಿನದಲ್ಲಿ ಇಷ್ಟು ವ್ಯತ್ಯಾಸ ಬಂದದ್ದು ಮಾಡಿದವರ ಜಾಣತನದಿಂದ ಮಾತ್ರ ಅಲ್ಲ. ಪಾಸ್‌ವರ್ಡ್ ಕದಿಯುವ ಪುಟಗಳ ಪರಿಶೀಲನೆಗೆ ಸುಮಾರು ಒಂದು ದಿನ, ವೈರಸ್‌ಗೆ ಕೆಲವು ದಿನ, ಸ್ಪ್ಯಾಮ್ ತುಂಬಿದ ಹ್ಯಾಕ್‌ಗೆ ಹಲವು ವಾರ ಹಿಡಿಯಬಹುದು ಅಂತ ಗೂಗಲ್ಲೇ ಹೇಳುತ್ತದೆ. ಹಾಗಾಗಿ ಚಿಕ್ಕಮ್ಮನದ್ದರಂಥ ಹ್ಯಾಕ್ ಆದರೆ ಅವಸರ ಮಾಡಿ ಕೋರಿಕೆ ಕಳಿಸಬೇಡಿ. ಒಂದು ಸಲ ತಿರಸ್ಕಾರ ಆದರೆ ಮತ್ತೆ ಮೊದಲಿನಿಂದ ಕಾಯಬೇಕು. ನಾನು ಎರಡನೇ ಸಲ ಕಳಿಸುವ ಮೊದಲು ಐದು ದಿನ ಬಿಟ್ಟೆ, ದಿನಾ ಲೈವ್ ಟೆಸ್ಟ್ ಮಾಡಿದೆ. ಏನಾಗಿತ್ತು, ಯಾವ ಫೋಲ್ಡರ್‌ನಿಂದ ಬಂದರು, ಏನೇನು ತೆಗೆದೆ, ಈಗ ಹೇಗಿದೆ, ಎಲ್ಲ ಬಿಡಿಸಿ ಬರೆದೆ. ಒಂಬತ್ತನೇ ದಿನ ಆ ಸಾಲು ಹೋಗಿತ್ತು.

ಜಪಾನೀ ಪುಟಗಳು ಹುಡುಕಾಟದಲ್ಲಿ ಇನ್ನೂ ಕೆಲವು ವಾರ ಕಾಣುತ್ತಲೇ ಇದ್ದವು. ಅದಕ್ಕೆ ಗಾಬರಿ ಬೇಡ. ಆ ವಿಳಾಸಕ್ಕೆ ಹೋದಾಗ 404 ಅಥವಾ 410 (ಪುಟ ಇಲ್ಲ ಅನ್ನುವ ಸಂಕೇತಗಳು) ಬಂದರೆ ಸಾಕು, ಗೂಗಲ್ ನಿಧಾನವಾಗಿ ಕೈಬಿಡುತ್ತದೆ. ಸರ್ಚ್ ಕನ್ಸೋಲ್‌ನಲ್ಲಿ ರಿಮೂವಲ್ಸ್ ಸಾಧನ ಇದೆ, ಆದರೆ ಅದು ಸುಮಾರು ಆರು ತಿಂಗಳು ಮರೆ ಮಾಡುತ್ತದೆ ಅಷ್ಟೇ, ಅಳಿಸುವುದಿಲ್ಲ.

ನನ್ನನ್ನು ಕೇಳಿದರೆ, ಫೈಲುಗಳಲ್ಲಿ ಕೈಯಾಡಿಸುವ ಅಭ್ಯಾಸ ಇದ್ದು ಎರಡು ದಿನ ಬಿಡುವಿದ್ದರೆ ಮೂರನೇ ದಾರಿಯೇ ಹಿಡಿಯಿರಿ. ದಿನದ ವ್ಯಾಪಾರ ನಿಂತಿದ್ದರೆ, ಇಲ್ಲ ಪಿಎಚ್‌ಪಿ ಅಂದರೆ ಏನು ಅಂತಲೇ ಗೊತ್ತಿಲ್ಲದಿದ್ದರೆ, ದುಡ್ಡು ಕೊಡಿ, ಆ ಎರಡು ಪ್ರಶ್ನೆ ಕೇಳಿ ಕೊಡಿ. ಸ್ಕ್ಯಾನರನ್ನು ರೋಗ ಪತ್ತೆಗೆ ಇಟ್ಟುಕೊಳ್ಳಿ, ಅದೊಂದನ್ನೇ ಮದ್ದು ಅಂದುಕೊಳ್ಳಬೇಡಿ. ಬ್ಯಾಕಪ್ ಏಳು ದಿನದ್ದು ಸಾಲದು, ತಿಂಗಳಿಗೊಂದು ಪ್ರತಿ ಬೇರೆ ಜಾಗದಲ್ಲಿ ಇರಲಿ.

ಎಚ್ಚರಿಕೆ ಹೋದ ದಿನ ಸಂಜೆ, ನಾನು ನೋಡಿಕೊಳ್ಳುವ ಇನ್ನೂ ಮೂರು ಸೈಟುಗಳ ಅಕೌಂಟ್ ತೆಗೆದು ನೋಡಿದೆ. ಎರಡರಲ್ಲಿ ‘ಓಲ್ಡ್’ ಅಂತ ಫೋಲ್ಡರ್ ಇತ್ತು. ಅವತ್ತೇ ಅಳಿಸಿದೆ.