ತೂಕ ಇಳಿಸೋಕೆ ಆಪರೇಷನ್ನೋ, ಇಂಜೆಕ್ಷನ್ನೋ?

ದಿನಾ ಕುಕ್ಕರಹಳ್ಳಿ ಕೆರೆ ಸುತ್ತಿ, ರಾತ್ರಿ ಅನ್ನ ಬಿಟ್ಟರೂ ತೂಕ ಇಳಿಯದವರು ಸೋಮಾರಿಗಳಲ್ಲ. ತೂಕ ಇಳಿದಂತೆ ದೇಹವೇ ಹಸಿವು ಹೆಚ್ಚಿಸುತ್ತದೆ. ಡಾಕ್ಟರ ನೆರವು ಕೇಳಲು ನಾಚಿಕೆ ಬೇಡ.

ಸ್ಲೀವ್ ಆಪರೇಷನ್‌ನಲ್ಲಿ ಜಠರದ ಸುಮಾರು ಮುಕ್ಕಾಲು ಭಾಗ ತೆಗೆಯುತ್ತಾರೆ. ಬೈಪಾಸ್ ಎಂಬ ಇನ್ನೊಂದು ಆಪರೇಷನ್‌ನಲ್ಲಿ ಜಠರವನ್ನು ಚಿಕ್ಕದು ಮಾಡಿ, ಕರುಳಿನ ದಾರಿಯನ್ನೂ ಬದಲಿಸುತ್ತಾರೆ. ಸಾಮಾನ್ಯವಾಗಿ ಮೈತೂಕದ ಕಾಲು ಭಾಗದಷ್ಟು ಇಳಿಯುತ್ತದೆ. ಎಷ್ಟೋ ಜನರ ಶುಗರ್ ಕೂಡ ಹತೋಟಿಗೆ ಬರುತ್ತದೆ. ಆದರೆ ತೆಗೆದ ಜಠರ ವಾಪಸ್ ಬರುವುದಿಲ್ಲ. ವಿಟಮಿನ್ ಮಾತ್ರೆಗಳು ಜೀವನಪೂರ್ತಿ ಬೇಕು. ಮಂಡ್ಯ ಕಡೆಯವರಿಗೆ ಇನ್ನೊಂದು ಮಾತು: ಆಮೇಲೆ ಪ್ರತಿ ತುತ್ತನ್ನೂ ಚೆನ್ನಾಗಿ ಅಗಿದು, ನಿಧಾನವಾಗಿ ತಿನ್ನಬೇಕು. ಮುದ್ದೆಯನ್ನು ಹಾಗೇ ನುಂಗುವ ಅಭ್ಯಾಸ ಬಿಡಲೇಬೇಕು. ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಇಂಜೆಕ್ಷನ್ ವಾರಕ್ಕೊಂದು. ಅಧ್ಯಯನಗಳಲ್ಲಿ ಸೆಮಾಗ್ಲುಟೈಡ್ ಎಂಬ ಇಂಜೆಕ್ಷನ್ 68 ವಾರಗಳಲ್ಲಿ ಸರಾಸರಿ 15% ತೂಕ ಇಳಿಸಿತು. ಟಿರ್ಜೆಪಟೈಡ್ ಎಂಬ ಇನ್ನೊಂದರ ಹೆಚ್ಚಿನ ಡೋಸ್ 72 ವಾರಗಳಲ್ಲಿ ಸುಮಾರು 20%. ವಾಕರಿಕೆ, ಮಲಬದ್ಧತೆ ಸಾಮಾನ್ಯ. ನಿಲ್ಲಿಸಿದರೆ ಇಳಿದ ತೂಕದ ಹೆಚ್ಚಿನ ಪಾಲು ಮರಳುತ್ತದೆ. ಹಾಗಾಗಿ ಒಂದು ತಿಂಗಳ ಖರ್ಚನ್ನಲ್ಲ, ಕೆಲವು ವರ್ಷಗಳ ಖರ್ಚನ್ನು ಲೆಕ್ಕ ಹಾಕಿ.

ಜಠರದೊಳಗೆ ಇಡುವ ಬಲೂನ್ ಕೂಡ ಇದೆ. ಸಾಮಾನ್ಯವಾಗಿ ಆರು ತಿಂಗಳಿಗೆ ತೆಗೆಯುತ್ತಾರೆ, ಫಲವೂ ಕಡಿಮೆ.

ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ತೋರಿಸುವ ಸಂಖ್ಯೆ) 35 ದಾಟಿ, ಜೊತೆಗೆ ಶುಗರ್ ಇದ್ದರೆ ನಾನು ಆಪರೇಷನ್ ಕಡೆಗೇ ವಾಲುತ್ತೇನೆ. 30ರ ಆಸುಪಾಸಿನಲ್ಲಿದ್ದರೆ ಊಟ, ನಡಿಗೆ, ಇಂಜೆಕ್ಷನ್ ಮೊದಲು. ಮಗು ಬೇಕೆಂದಿರುವ ಹೆಣ್ಣುಮಕ್ಕಳು ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು. ಗರ್ಭಿಣಿಯರು ಈ ಇಂಜೆಕ್ಷನ್ ತೆಗೆದುಕೊಳ್ಳುವಂತಿಲ್ಲ. ಆಪರೇಷನ್ ಆದರೂ ಒಂದು, ಒಂದೂವರೆ ವರ್ಷ ಕಾಯಬೇಕು.